ಟ್ಯಾಗಮ್ಮನ ಒಂದೇ ಸಾಲು

ಕೈಪಿಡಿ ಬರೆಯುವ ಟ್ಯಾಗಮ್ಮನ ಬೆರಳು ಎಂಟರ್ ಕೀಲಿಯ ಮೇಲೆ ಬಂದು ನಿಂತಾಗ ಇಡೀ ಆಫೀಸಿನ ಫ್ಯಾನುಗಳೇ ಉಸಿರು ಬಿಗಿಹಿಡಿದವು. ಸಾಫ್ಟ್‌ವೇರಿನ ಕೈಪಿಡಿ ಎರಡು ಸಾವಿರ ಪುಟ. ಅದರ ಎಚ್ಚರಿಕೆಗಳೆಲ್ಲ ಸಂಜೆಯೊಳಗೆ ಕೆಂಪಾಗಬೇಕೆಂದು ಗಿರಾಕಿಯ ಹಟ. "ನಲವತ್ತು ಜನ ಕೂತರೂ ನಾಲ್ಕು ದಿನ ಬೇಕಮ್ಮ," ಎಂದರು ಮ್ಯಾನೇಜರು. "ಆಗದಿದ್ರೆ ನಿನ್ನ ಎಕ್ಸ್‌ಎಂಎಲ್ ಹುಚ್ಚಿಗೆ ಇವತ್ತೇ ಕೊನೆ."

ಆರು ವರ್ಷ ಆಕೆ ಬಣ್ಣದ ತಂಟೆಗೇ ಹೋಗಿರಲಿಲ್ಲ. ಪ್ರತಿ ಎಚ್ಚರಿಕೆಗೂ ಎಕ್ಸ್‌ಎಂಎಲ್ ಪದ್ಧತಿಯಂತೆ 'ಇದು ಎಚ್ಚರಿಕೆ' ಎಂಬ ಗುರುತಿನ ಚೀಟಿ, ಅಂದರೆ ಟ್ಯಾಗನ್ನಷ್ಟೇ ತೊಡಿಸಿದ್ದಳು. ಅದು ಹೇಗೆ ಕಾಣಬೇಕೆಂಬುದು ಸ್ಟೈಲ್‌ಶೀಟಿನ ಕೆಲಸ. ಈಗ ಅಲ್ಲಿ ಒಂದೇ ಸಾಲು ತಿದ್ದಿದ್ದಳು; ಎಂಟರ್ ಒತ್ತಿದಳು. ಎಚ್ಚರಿಕೆಗಳೆಲ್ಲ ಒಟ್ಟಿಗೇ ಹೊತ್ತಿಕೊಂಡು ಕೈಪಿಡಿಗೆ ಕೈಪಿಡಿಯೇ ಕೆಂಪೇರಿತು. ಪಕ್ಕದ ಕಟ್ಟಡದವರು ಬೆಂಕಿ ಬಿತ್ತೆಂದು ಓಡಿಬರದಿದ್ದದ್ದೇ ಹೆಚ್ಚು.

"ಅಗೋ, ಎಂಟುನೂರನೇ ಪುಟ! ಒಂದು ಎಚ್ಚರಿಕೆ ಕಪ್ಪಾಗೇ ಉಳೀತಲ್ಲ!" ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು.

"ಅದು ನೀವೇ ಬರೆದದ್ದು ಸಾರ್. ಟ್ಯಾಗ್ ಹಾಕೋದು ದಂಡ ಅಂತ ಬರೀ ಅಕ್ಷರ ದಪ್ಪ ಮಾಡಿ ಬಿಟ್ಟಿದ್ರಿ."

ಮ್ಯಾನೇಜರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ಎಲ್ಲಿ ಹಾಕಬೇಕು, ಹೇಳಮ್ಮ." ಟ್ಯಾಗಮ್ಮ ಮಹಾರಾಣಿಯಂತೆ ಕೀಬೋರ್ಡನ್ನು ಅವರತ್ತ ಸರಿಸಿದಳು. ಕೊನೆಯ ಎಚ್ಚರಿಕೆಯೂ ಕೆಂಪಾಯಿತು, ಆದರೆ ನಾಚಿದ ಅವರ ಕಿವಿಗಳಿಗಿಂತ ಒಂದು ಪಾಲು ಕಡಿಮೆ.