ರಘುರಾಮನ ವಾಕ್ಯ

ಕಾಫಿ ಕುಡಿದಾಗಿದ್ದರೂ ಸೋಮಲಿಂಗಪ್ಪ ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತಿದ್ದರು. ಕೊನೆಗೆ ಕೇಳಿಯೇಬಿಟ್ಟರು: "ಆಡಿ ತಿಂಗಳ ಸೇಲ್ ಬಂತು ರಘು. ಅಂಗಡ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ. ನೀ ಮತ್ತ ಬರ್ತೀ ಏನಪಾ?"

ಪುರಸೈವಾಕ್ಕಂನ ಅವರ ಸೀರೆ ಅಂಗಡಿಯಲ್ಲಿ ರೇಷ್ಮೆ ಕೌಂಟರ್ ಎಂದರೆ ರಘುರಾಮ. ರವಿಕೆ ಬಟ್ಟೆಗೆಂದು ಬಂದವರಿಗೂ ಮಾತಿನಲ್ಲೇ ಧಾರೆ ಸೀರೆ ಉಡಿಸಿ ಕಳಿಸುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನವಾಗಿ ಹಿಂದಿರುಗಿದವು. ನಾಲಿಗೆ ಮಾತ್ರ ಹಿಂದಿರುಗಲಿಲ್ಲ.

ನಾಗಮಣಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಗಂಡ ರಘುರಾಮ ಹಾಸಿಗೆ ಹಿಡಿದ ಮೇಲೆ ಅಣ್ಣಾ ನಗರ್‌ನ ಕಂಪನಿಯೊಂದಕ್ಕೆ ಸೇರಿದ್ದಳು. ಹೊರದೇಶದ ಡಾಕ್ಟರುಗಳು, ಪ್ರೊಫೆಸರುಗಳು ಬರೆದ ಇಂಗ್ಲಿಷನ್ನು ತಿದ್ದಿ, ಚಿಕ್ಕದು ಮಾಡಿ, ಓದುವಂತೆ ಮಾಡಿಕೊಡುವ ಕೆಲಸ. ಇನ್ನೂ ಟ್ರೇನಿ. ನಾಳೆ ಪರೀಕ್ಷೆ; ಪಾಸಾದರೆ ಕೆಲಸ ಖಾಯಂ. ಕಲಿಸುವ ಶಂಕರನಾರಾಯಣ ಸಾರ್ ಅವಳ ಅಭ್ಯಾಸದ ಪುಟವನ್ನು ಇವತ್ತು ಹಿಂದಕ್ಕೆ ಕೊಟ್ಟಿದ್ದರು. "'ಡ್ಯೂ ಟು ದ ಫ್ಯಾಕ್ಟ್ ದಟ್' ತೆಗೆದು 'ಬಿಕಾಸ್' ಹಾಕಿದಿರಿ, ಭೇಷ್. ಆದರೆ ಈ ಔಷಧದಿಂದ ನೋವು ಕಡಿಮೆಯಾಗಬಹುದು ಅಂತ ಅವರು ಬರೆದರೆ ನೀವು ಆಗುತ್ತೆ ಅಂತ ಮಾಡಿದ್ದೀರಲ್ಲಮ್ಮ? ಆ 'ಬಹುದು', ಆ 'ಮೇ' ಎಲ್ಲಿ ಹೋಯಿತು?" ಬಸ್ಸಿನಲ್ಲಿ ನಿಂತೇ ಬಂದು ಸೊಂಟ ಬಿದ್ದುಹೋಗಿತ್ತು. ಅದೇ ಪುಟವನ್ನು ಮತ್ತೆ ತಿದ್ದುತ್ತಿದ್ದಳು.

"ನಾ... ನಾನು..." ರಘುರಾಮ ಶುರು ಮಾಡಿದ. ಕುತ್ತಿಗೆಯ ನರ ಉಬ್ಬಿತು. "ಅಂ... ಅಂಗ..."

ಸೋಮಲಿಂಗಪ್ಪ ನೆಲ ನೋಡಿದರು. ಒಲೆಯ ಮೇಲೆ ಅನ್ನ ಉಕ್ಕುವ ಸದ್ದು ಬಂತು. ಕರುಣೆಯೋ, ನಾಚಿಕೆಯೋ, ಬರೀ ಸುಸ್ತೋ, ನಾಗಮಣಿಗೆ ತಡೆಯಲಾಗಲಿಲ್ಲ. "ಅವರಿಗೆ ಆಗಲ್ಲ ಸಾರ್. ನೀವು ಬೇರೆಯವರನ್ನ ನೋಡ್ಕೊಳ್ಳಿ," ಎಂದಳು.

ಅಷ್ಟೇ, ಮುಗಿಯಿತು. ಸೋಮಲಿಂಗಪ್ಪ ಉಸಿರು ಬಿಟ್ಟರು. ಲೋಟವನ್ನೂ ತಂದಿದ್ದ ಹಣ್ಣಿನ ಚೀಲವನ್ನೂ ಮೇಜಿನ ಮೇಲಿಟ್ಟು, ರಘುರಾಮನ ಭುಜ ತಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಾಗಮಣಿ ಒಲೆ ಆರಿಸಿ ಬರುವಷ್ಟರಲ್ಲಿ ಲೋಟ ನೆಲಕ್ಕೆ ಬಿದ್ದು ಉರುಳುತ್ತಿತ್ತು. ಬಿದ್ದದ್ದಲ್ಲ, ಎಸೆದದ್ದು. ರಘುರಾಮ ಬಾಗಿಲನ್ನೇ ನೋಡುತ್ತಿದ್ದ.

"ಏನಾಯ್ತು ರೀ? ನೀವು ಹೇಳ್ಬೇಕು ಅಂತಿದ್ದದ್ದೂ ಅದೇ ತಾನೆ?"

ಅವನು ತಲೆಯಾಡಿಸಿದ. ಅಲ್ಲ.

"ಮತ್ತೆ? ಬಸ್ಸಲ್ಲಿ ಹೋಗಿ ಬರೋದು ಕಷ್ಟ ಅಂತಾನಾ? ಗಿರಾಕಿಗಳು ನಗ್ತಾರೆ ಅಂತಾನಾ? ದೀಪಾವಳಿ ಆಗ್ಲಿ, ಆಮೇಲೆ ನೋಡೋಣ ಅಂತ—"

ರಘುರಾಮ ಅಂಗೈ ಎತ್ತಿ ತಡೆದ. "ಬೇಡ," ಎಂದ. ಆ ಒಂದು ಪದ ಸ್ಪಷ್ಟವಾಗಿ ಬಂತು.

ನಾಗಮಣಿ ಲ್ಯಾಪ್‌ಟಾಪ್ ಮುಚ್ಚಿ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಕೆಳಗೆ ಕೀಲ್ಪಾಕ್ ಆಸ್ಪತ್ರೆಯ ಕಡೆಗೆ ಆಂಬುಲೆನ್ಸ್ ಒಂದು ಅರಚಿಕೊಂಡು ಹೋಯಿತು. ಕುಕ್ಕರ್ ಮತ್ತೆ ಕೂಗಿತು.

"ಬರ್ತೀನಿ... ಅಂತ... ಬರ್ತೀನಿ. ಮಾ... ಮಾತು ಬೇಡ... ಮಾತು ಬೇಡದ್ದು..." ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. "ಸೀರೆ... ಸೀರೆ ಮಡ..." ಮುಂದಿನದು ಬರಲಿಲ್ಲ. ಅವನ ಎರಡು ಕೈಗಳೂ ಗಾಳಿಯಲ್ಲಿ ಎದ್ದವು. ಇಲ್ಲದ ಸೀರೆಯೊಂದರ ಅಂಚಿಗೆ ಅಂಚು ಕೂಡಿಸಿದವು, ಮಡಚಿದವು, ಮತ್ತೆ ಮಡಚಿದವು, ತೊಡೆಯ ಮೇಲಿಟ್ಟು ಸುಕ್ಕು ಸವರಿದವು.

ನಾಗಮಣಿಗೆ ಅರ್ಥವಾಯಿತು. ಗಿರಾಕಿಗಳು ಬಿಚ್ಚಿ ಹರವಿ ಹೋದ ಸೀರೆಗಳನ್ನು ಮಡಚುವುದು ಹೊಸದಾಗಿ ಸೇರಿದ ಹುಡುಗಿಯರ ಕೆಲಸ, ಮಾತು ಬೇಡದ್ದು. ಇಷ್ಟು ವರ್ಷ ಅವರಿಗೆ ಹೇಳಿ ಮಾಡಿಸುತ್ತಿದ್ದವನು ಅವರ ಸಾಲಿನಲ್ಲಿ ನಿಲ್ಲಲು ತಯಾರಾಗಿದ್ದ. ಅದನ್ನು ಯಜಮಾನರ ಮುಖ ನೋಡಿ ತಾನೇ ಕೇಳಬೇಕೆಂದಿದ್ದ. ಆ ಮಾತು ಬಾಯಿಗೆ ಬರುವ ಮೊದಲೇ ಅವಳು ಬಾಗಿಲು ಹಾಕಿಬಿಟ್ಟಿದ್ದಳು.

ಅವಳು ಫೋನ್ ತೆಗೆದಳು. ಸೋಮಲಿಂಗಪ್ಪ ಆಟೋದಲ್ಲಿದ್ದರು, ಅವರ ದನಿಗಿಂತ ಹಾರ್ನ್‌ಗಳೇ ಜೋರಾಗಿದ್ದವು.

"ಸಾರ್, ನಾನು ತಪ್ಪು ಹೇಳ್ಬಿಟ್ಟೆ. ಅವರೇ ಮಾತಾಡ್ತಾರೆ. ದಯವಿಟ್ಟು ಫೋನ್ ಇಡಬೇಡಿ." ಸ್ಪೀಕರ್ ಹಾಕಿ ಫೋನನ್ನು ಗಂಡನ ಮಂಡಿಯ ಮೇಲಿಟ್ಟಳು.

"ಹಲೋ? ರಘು?"

ರಘುರಾಮನ ತುಟಿ ಅಲುಗಿತು. ಸದ್ದು ಹೊರಡಲಿಲ್ಲ.

"ಹಲೋ? ಏನೂ ಕೇಳಸವಲ್ದು... ಹಲೋ?"

ಇಡೀ ವಿಷಯ ನಾಗಮಣಿಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಇನ್ನೊಂದು 'ಹಲೋ' ಬಂದರೆ ಆಡಿಬಿಡುತ್ತೇನೆಂದು ಅವಳಿಗೇ ಭಯವಾಯಿತು. ದುಪಟ್ಟಾದ ತುದಿಯನ್ನು ಮುದ್ದೆ ಮಾಡಿ ಹಲ್ಲುಗಳ ನಡುವೆ ಕಚ್ಚಿ ಹಿಡಿದಳು.

ಫೋನಿನಾಚೆ ಸೋಮಲಿಂಗಪ್ಪ ಡ್ರೈವರನಿಗೆ ತಮಿಳಿನಲ್ಲಿ ಹೇಳಿದ್ದು ಕೇಳಿಸಿತು: "ಕೊಂಜಂ ಓರಮಾ ನಿರುತ್ತುಪ್ಪಾ." ಆಟೋ ಬದಿಗೆ ಸರಿದು ನಿಂತಿರಬೇಕು. ಇಂಜಿನ್ ಸದ್ದು ಅಡಗಿತು.

"ಹೂಂ, ಈಗ ಹೇಳಪಾ," ಎಂದರು ಅವರು. "ಸಾವಕಾಶ ಹೇಳು."