ಮಾತ್ರೆಯ ಕೆನ್ನೆ

ಸಂತೆಯಲ್ಲಿ ಎಮ್ಮೆಯ ಹಲ್ಲು ತೋರಿಸುವ ದಲ್ಲಾಳಿಯಂತೆ ಅಶ್ವತ್ಥಮ್ಮ ಸೊಸೆಯ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಬೀಗಿತ್ತಿಯ ಕಡೆ ತಿರುಗಿಸಿದಳು. "ನೋಡಿ ರುಕ್ಮಿಣಮ್ಮನೋರೆ, ನಿಮ್ಮ ಬೂದಿಗೆರೆಯಿಂದ ಬಂದಾಗ ಕಡ್ಡಿ ಇದ್ದಂಗಿದ್ಲು. ನಮ್ಮನೆ ಮುದ್ದೆ ಹೆಂಗೆ ಮೈಗೆ ಹಿಡ್ದೈತೆ."

ಪ್ರಮೋದಾ ತಲೆ ತಗ್ಗಿಸಿ ಕೂತಿದ್ದಳು. ಆ ಮನೆಯಲ್ಲಿ ಅವಳ ತಟ್ಟೆಗೆ ಬೀಳುತ್ತಿದ್ದದ್ದು ಎಲ್ಲರೂ ಉಂಡು ಉಳಿದ ಅರ್ಧ ಮುದ್ದೆ. ಮುಖ ಊದಿದ್ದು ಕೀಲುಬಾವಿಗೆ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದ. ಮುಖ ಊದುತ್ತದೆ, ಹೆದರಬೇಡ, ಆದರೆ ನಾನು ಹೇಳದೆ ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಅವರು ಅತ್ತೆಯ ಎದುರಿಗೇ ಹೇಳಿದ್ದರು. ಅತ್ತೆ ಆಗ ಕಿಟಕಿಯಾಚೆಯ ಹೂವಿನವಳ ಜೊತೆ ಒಂದು ಮೊಳ ಕಾಕಡಕ್ಕೆ ಚೌಕಾಸಿ ಮಾಡುತ್ತಿದ್ದಳು.

"ಇಷ್ಟು ಗುಂಡಗಾದ್ಮೇಲೆ ಇನ್ನೇನು ಕಾಯ್ಲೆ? ಬೆಳಿಗ್ಗೆನೇ ಆ ಮಾತ್ರೆನೆಲ್ಲ ಬೀರುನಲ್ಲಿಟ್ಟು ಬೀಗ ಹಾಕ್ಬಿಟ್ಟೆ," ಎಂದು ಅಶ್ವತ್ಥಮ್ಮ ಹೆಮ್ಮೆಯಿಂದ ಸೊಂಟದ ಕೀಲಿಗೊಂಚಲು ಅಲ್ಲಾಡಿಸಿದಳು. ಮಗಳು ಸುಖವಾಗಿದ್ದಾಳೆಂದು ನಂಬಿದ ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ತಾಯಿಯ ಆ ನಗು ಪ್ರಮೋದಾಗೆ ತಡೆಯಲಾಗಲಿಲ್ಲ. ಇನ್ನೂ ಕೆನ್ನೆ ಹಿಡಿದೇ ಇದ್ದ ಬೆರಳುಗಳನ್ನು, ಹಾಲಿಗೆ ಬಿದ್ದ ನೊಣ ತೆಗೆಯುವಂತೆ ತೆಗೆದು ಪಕ್ಕಕ್ಕಿಟ್ಟಳು. ಮದುವೆಯಾಗಿ ಬಂದ ಮೇಲೆ ಅವಳ ದನಿ ಆ ಪಡಸಾಲೆಯಲ್ಲಿ ಕೇಳಿದ್ದು ಅದೇ ಮೊದಲು.

"ಇದು ಮಾತ್ರೆ ತಿಂದು ಬಂದ ಊತ ಅತ್ತೆಮ್ಮ, ನಿಮ್ಮನೆ ಮುದ್ದೆ ತಿಂದು ಯಾರೂ ಊದಲ್ಲ. ಡಾಕ್ಟ್ರು ಹೇಳ್ದೆ ನಿಲ್ಲಿಸಿದ್ರೆ ಸತ್ತೋಗ್ತೀನಿ. ಕೀಲಿ ಅವ್ವನ ಕೈಗೆ ಕೊಡಿ."

ರುಕ್ಮಿಣಮ್ಮ ನಗು ನಿಲ್ಲಿಸಿ ಬೀಗಿತ್ತಿಯ ಮುಂದೆ ಕೈ ಚಾಚಿದಳು.