ಯಜಮಾನರ ಗ್ಯಾಲಕ್ಸಿ

ರೇಡಿಯೊದ ಕಿವಿ ಹಿಂಡಿದರೆ ಹಾಡಲ್ಲ, ಗ್ಯಾಲಕ್ಸಿಗಳೇ ಕೇಳಿಸುತ್ತಿದ್ದ ಕಾಲ. ತಿಪಟೂರಿನ ರಿಪೇರಿ ಅಂಗಡಿಯ ಗೌಸ್‌ಪೀರ್ ಮುಂದೆ ಪುಟ್ಟತಾಯಮ್ಮ ಮೂರನೆಯ ಸಲ ಸೆಟ್ಟು ತಂದಿಟ್ಟರು. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು.

"ನಮ್ಮೆಜಮಾನ್ರು ಸಂಜೆ ಕೇಳ್ತಿದ್ದ ಗ್ಯಾಲಕ್ಸಿ ಬರೀ ಗೊರ್ ಅಂತೈತೆ ಕಣಪ್ಪ. ಕೀರಲು ದನಿ ಹೊಂಟೋಗೈತೆ."

"ಸೆಟ್ಟು ಸರಿಯಾಗೇ ಐತೆ ಅಮ್ಮಾರೆ. ಗ್ಯಾಲಕ್ಸಿಗೇ ವಯಸ್ಸಾಯ್ತು. ನಡುವಿಂದ ಚಿಮ್ತಿದ್ದ ಧಾರೆ ನಿಂತೋಯ್ತು. ಆಚೀಚೆ ತುಂಬ್ಕೊಂಡಿರೋ ಮೋಡ ಇನ್ನೊಂದಷ್ಟು ದಿನ ಗುನುಗ್ತದೆ. ಮೊದ್ಲು ಹೋಗೋದು ಕೀರಲೇ."

"ಮತ್ತೆ ಚಿಮ್ಮಕಿಲ್ವಾ?"

"ಚಿಮ್ಮಬೋದು. ಹತ್ತಿಪ್ಪತ್ತು ಲಕ್ಷ ವರ್ಷ ಕಾಯ್ಬೇಕು."

"ಅಷ್ಟೊತ್ಗೆ ನಿನ್ ಗ್ಯಾರಂಟಿ ಮುಗ್ದಿರ್ತದೆ ಬಿಡು," ಎಂದರೂ ಪುಟ್ಟತಾಯಮ್ಮ ಕೂತಲ್ಲಿಂದ ಏಳಲಿಲ್ಲ.

ಗೌಸ್‌ಪೀರ್ ಯಾವ ಗ್ಯಾಲಕ್ಸಿಯನ್ನಾದರೂ ಅಣಕಿಸಬಲ್ಲವನು. ಸೆಟ್ಟಿನ ಗೊರಗೊರದ ಮೇಲೆ ಹಳೆಯ ಕೀರಲನ್ನು ಮೂಗಿನಲ್ಲೇ ಎಳೆದ. ಪುಟ್ಟತಾಯಮ್ಮ ಕಣ್ಣು ಮುಚ್ಚಿ ಕೇಳಿದರು.

"ಹಿಂಗೇ ಇತ್ತು. ಆದ್ರೂ ಏನೋ ಕಮ್ಮಿ."

ಏನು ಕಮ್ಮಿಯೆಂದು ಅವನಿಗೆ ಹೊಳೆಯಿತು. ಎಷ್ಟೋ ಸಂಜೆ ಯಜಮಾನರು ಇದೇ ಅಂಗಡಿಯಲ್ಲಿ ಕೂತು ಕೇಳಿದ್ದರು. ಕೀರಲು ಎಳೆಯುತ್ತಲೇ ನಡುವೆ ಅವರಂತೆ ಎರಡು ಸಲ ಒಣ ಕೆಮ್ಮು ಕೆಮ್ಮಿದ.

"ಬೀಡಿ ಬುಡಿ ಅಂದ್ರೆ ಕೇಳಾಕಿಲ್ವಲ್ಲ ನೀವು," ಎಂದು ಪುಟ್ಟತಾಯಮ್ಮ ಕಣ್ಣು ಮುಚ್ಚಿಕೊಂಡೇ ರೇಡಿಯೊವನ್ನು ಗದರಿದರು.